ಸಾಕ್ಷಿಯೂ ಶ್ಲೋಕವೂ

ಪಾಠಶಾಲೆಯ ಜಗಲಿಯಲ್ಲಿ ಕುಳಿತು ಕಾವ್ಯವನ್ನು ಓದಿದವರಿಗೆ ಒಂದು ಮಾತು ಚಿಕ್ಕಂದಿನಿಂದಲೇ ಕಿವಿಯಲ್ಲಿ ನಿಂತಿರುತ್ತದೆ. ಬೇಡನ ಬಾಣಕ್ಕೆ ಸಿಕ್ಕಿ ಬಿದ್ದ ಕ್ರೌಂಚವನ್ನು ಕಂಡು ವಾಲ್ಮೀಕಿಮುನಿಗೆ ಹುಟ್ಟಿದ ಶೋಕವೇ ಶ್ಲೋಕವಾಯಿತೆಂಬುದು ಆ ಮಾತು. ಆನಂದವರ್ಧನನು ಇದನ್ನು ತನ್ನ ಗ್ರಂಥದಲ್ಲಿ ಎತ್ತಿಕೊಂಡನು. ಅದಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತನಾದರೋ ಒಂದು ಎಚ್ಚರಿಕೆಯನ್ನು ಸೇರಿಸಿದನು: ಆ ಶೋಕವು ಮುನಿಯ ಸ್ವಂತ ಶೋಕವೆಂದು ಭಾವಿಸಕೂಡದು, ಹಾಗಿದ್ದರೆ ಮುನಿಯು ದುಃಖದಿಂದ ಬೇಯುತ್ತಿದ್ದನೇ ಹೊರತು ಕವಿಯಾಗುತ್ತಿರಲಿಲ್ಲ. ನಮಗೆ ಧ್ವನ್ಯಾಲೋಕವನ್ನು ಪಾಠ ಹೇಳಿದ ಗುರುಗಳು ಇದನ್ನೇ ಇನ್ನೂ ಒರಟಾಗಿ ಹೇಳುತ್ತಿದ್ದರು: “ಮನೆಯೊಳಗೆ ಹೆಣವಿಟ್ಟುಕೊಂಡು ಅಳುವವನ ಅಳು ರಸವಲ್ಲವಯ್ಯಾ, ಅದು ಬರಿಯ ಅಳು.”

ಈ ಸಿದ್ಧಾಂತವನ್ನು ನಾನೂ ಮೂವತ್ತು ವರ್ಷ ಹುಡುಗರಿಗೆ ಹೇಳಿಕೊಟ್ಟೆನು. ಅದು ತಪ್ಪೆಂದು ಈಗಲೂ ಹೇಳಲಾರೆ. ಆದರೆ ನಿವೃತ್ತನಾದ ಮೇಲೆ, ಬಿಡುವು ಹೆಚ್ಚಾಗಿ, ಸ್ವದೇಶವನ್ನು ಬಿಟ್ಟು ಪರದೇಶಗಳಲ್ಲಿ ನೆಲೆಸಿರುವ ಇರಾನೀಯರ ಕವಿತೆಗಳನ್ನೂ ಸೆರೆಮನೆಯ ನೆನಪುಗಳನ್ನೂ ಇಂಗ್ಲಿಷ್ ಅನುವಾದಗಳಲ್ಲಿ ಓದತೊಡಗಿದಾಗ, ಆ ಸಿದ್ಧಾಂತವು ನನ್ನ ಕೈಯಲ್ಲಿ ಮೊದಲಿನಷ್ಟು ಸ್ಥಿರವಾಗಿ ನಿಲ್ಲಲಿಲ್ಲ. ಇದನ್ನೆಲ್ಲ ಓದಬೇಕೆಂಬ ಬುದ್ಧಿ ನನಗೆ ಹುಟ್ಟಿದುದಕ್ಕೆ ಒಂದು ಕಾರಣವುಂಟು. ಅದನ್ನು ಮೊದಲು ಹೇಳಬೇಕು.

1988ನೆಯ ಇಸವಿಯಲ್ಲಿ ನಾನು ಮೈಸೂರಿನಲ್ಲಿ ವಿದ್ವತ್ ಪರೀಕ್ಷೆಗೆ ಓದುತ್ತಿದ್ದೆನು. ಆ ಕಾಲಕ್ಕೆ ಮೈಸೂರು ಬೆಂಗಳೂರುಗಳಲ್ಲಿ ಇರಾನಿನ ವಿದ್ಯಾರ್ಥಿಗಳು ಸಾಕಷ್ಟು ಮಂದಿ ಇದ್ದರು. ನಾನಿದ್ದ ಮನೆಯ ಮಾಳಿಗೆಯ ಕೋಣೆಯಲ್ಲಿ ಅಂಥವನೊಬ್ಬನು ಬಾಡಿಗೆಗೆ ಇದ್ದನು, ವಿಜ್ಞಾನ ಓದುತ್ತಿದ್ದವನು. ನಮ್ಮಿಬ್ಬರ ನಡುವೆ ಇದ್ದುದು ಅರೆಬರೆ ಇಂಗ್ಲಿಷು. ಸಂಜೆ ಜಗಲಿಯ ಮೇಲೆ ಕುಳಿತಾಗ ಅವನು ಪಾರಸಿಯ ಪದ್ಯಗಳನ್ನು ಹೇಳುವನು, ನಾನು ಕಾಳಿದಾಸನ ಶ್ಲೋಕಗಳನ್ನು ಹೇಳುವೆನು. ಅರ್ಥಕ್ಕಿಂತ ಧಾಟಿಯನ್ನು ಕೇಳಿ ಇಬ್ಬರೂ ಸಂತೋಷಪಡುತ್ತಿದ್ದೆವು. ಊರಿನ ಸಮಾಚಾರವನ್ನು ಕೇಳಿದರೆ ಅವನು ಬೇರೆ ಮಾತೆತ್ತುತ್ತಿದ್ದನು. ಅವನ ಅಣ್ಣನು ಸೆರೆಯಲ್ಲಿದ್ದಾನೆಂಬುದಷ್ಟು ಮಾತ್ರ ನನಗೆ ಗೊತ್ತಿತ್ತು. ಆ ವರ್ಷ ಚಳಿಗಾಲದಲ್ಲಿ ಒಂದು ದಿನ ಅವನಿಗೆ ಕಾಗದ ಬಂದಿತು. ಸಂಜೆ ಕೆಳಗಿಳಿದು ಬಂದು, “ಅಣ್ಣನ ಚೀಲ ಮನೆಗೆ ಬಂದಿದೆಯಂತೆ” ಎಂದನು. ನಾನು, “ಒಳ್ಳೆಯದಾಯಿತು, ಅಣ್ಣ ಎಂದು ಬರುತ್ತಾರೆ?” ಎಂದು ಕೇಳಿದೆನು. ಅವನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಮೇಲಕ್ಕೆ ಹೋದನು. ಮುಂದಿನ ತಿಂಗಳು ಕೋಣೆ ಬಿಟ್ಟನು. ಅಂದು ನಾನು ಅವನನ್ನು ಸ್ವಲ್ಪ ಗರ್ವಿಷ್ಠನೆಂದು ಎಣಿಸಿದ್ದೆನು. ಆ ಚೀಲವೇನೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಇರಾನೀಯರು ಪರದೇಶವಾಸವನ್ನು ‘ಘುರ್ಬತ್’ ಎನ್ನುತ್ತಾರೆ. ಆ ಸ್ಥಿತಿಯಲ್ಲಿರುವವನು ‘ಘರೀಬ್’. ಇದೇ ಶಬ್ದವು ನಮ್ಮಲ್ಲಿಗೆ ಬಂದು ಗರೀಬನಾಗಿ ಬಡವನೆಂಬ ಅರ್ಥವನ್ನು ಪಡೆಯಿತು. ಮೂಲದಲ್ಲಿ ಅದಕ್ಕೆ ಬಡತನದ ಸಂಬಂಧವಿಲ್ಲ. ಹೊರಗಿನಿಂದ ಬಂದವನು, ತನ್ನವರಿಲ್ಲದವನು ಎಂದಷ್ಟೇ ಅರ್ಥ. ಬೀದರಿನ ಬಹಮನಿ ಆಸ್ಥಾನದಲ್ಲಿ ಇರಾನ್ ಮೊದಲಾದ ಕಡೆಗಳಿಂದ ಬಂದ ಸರದಾರರನ್ನು ಗರೀಬರೆಂದೂ ಆಫಾಕಿಗಳೆಂದೂ ಕರೆಯುತ್ತಿದ್ದರು. ಗೀಲಾನಿನಿಂದ ಬಂದು ರಾಜ್ಯದ ಮುಖ್ಯಮಂತ್ರಿಯಾಗಿ, ಬೀದರಿನಲ್ಲಿ ದೊಡ್ಡ ವಿದ್ಯಾಲಯವನ್ನು ಕಟ್ಟಿಸಿದ ಮಹಮೂದ ಗವಾನನು ಕೂಡ ಆ ಕಾಲದ ಮಾತಿನಲ್ಲಿ ಗರೀಬನೇ; 1481ರಲ್ಲಿ ಖೊಟ್ಟಿ ಕಾಗದವೊಂದರ ಆರೋಪಕ್ಕೆ ಸಿಕ್ಕಿ ಅವನು ತಲೆಯನ್ನು ಕೊಟ್ಟನು. ಐಶ್ವರ್ಯವಿದ್ದರೂ ಪರದೇಶಿಯು ಪರದೇಶಿಯೇ ಎಂಬುದನ್ನು ನಮ್ಮ ನಾಡಿನ ನೆಲವೇ ಕಂಡಿದೆ.

‘ಆವಾರೆ’ ಎಂಬ ಇನ್ನೊಂದು ಪಾರಸಿ ಶಬ್ದದ ಗತಿಯೂ ಹೀಗೆಯೇ. ನಮ್ಮಲ್ಲಿ ಅದು ಅಬ್ಬೇಪಾರಿಯಾಯಿತು, ಪೋಲಿಯಾಯಿತು. ಗುಲಾಮ್ ಹುಸೇನ್ ಸಾಏದಿಯವರು ಈ ಶಬ್ದವನ್ನು ಬೇರೊಂದು ಶಬ್ದದ ಪಕ್ಕಕ್ಕೆ ಇಟ್ಟು ತೂಗಿದ್ದಾರೆ. ಸಾಏದಿಯವರು ನಾಟಕಕಾರರು, ವೃತ್ತಿಯಿಂದ ಮನೋವೈದ್ಯರು. ಕ್ರಾಂತಿಯಾದ ಮೇಲೆ ಪ್ಯಾರಿಸಿಗೆ ತಪ್ಪಿಸಿಕೊಂಡು ಹೋಗಿ, ಅಲ್ಲಿ ಒಂದು ಪತ್ರಿಕೆಯನ್ನು ನಡೆಸುತ್ತ, 1985ರಲ್ಲಿ ನಲವತ್ತೊಂಬತ್ತನೆಯ ವಯಸ್ಸಿಗೆ ತೀರಿಕೊಂಡರು. ಅವರ ಎಣಿಕೆಯಲ್ಲಿ ವಲಸೆಗಾರನು ಬೇರೆ, ಆವಾರೆಯು ಬೇರೆ. ವಲಸೆಗಾರನು ಕಾರಣವನ್ನು ಯೋಚಿಸಿ, ಇಂಥಲ್ಲಿಗೆಂದು ಗೊತ್ತುಮಾಡಿಕೊಂಡು ಹೊರಟವನು. ಆವಾರೆಯು ಹೊರಡಲಿಲ್ಲ, ದಬ್ಬಲ್ಪಟ್ಟನು. ವೈದ್ಯರಾದುದರಿಂದ ಅವರು ಈ ಭೇದವನ್ನು ರೋಗಲಕ್ಷಣ ಹೇಳುವಂತೆ ಬಿಡಿಸಿ ಬರೆದರು. ಆದರೆ ರೋಗಿಯೂ ತಾವೇ ಆಗಿದ್ದರು.

ದೇಶಬಿಟ್ಟ ಇರಾನೀಯರೆಲ್ಲ ಒಂದೇ ಪಂಗಡದವರಲ್ಲ. ದೊರೆಯ ಕಾಲದಲ್ಲಿಯೇ ರಹಸ್ಯ ಪೋಲೀಸಿನವರ ಹಿಂಸೆಯಿಂದ ಓಡಿದವರುಂಟು. ಕವಿ ರೆಜಾ ಬರಾಹೆನಿಯವರು 1973ರಲ್ಲಿ ಅಂಥ ಸೆರೆಯನ್ನು ಅನುಭವಿಸಿ, ಅದರ ವೃತ್ತಾಂತವನ್ನು ಹೊರದೇಶದಲ್ಲಿ ಬರೆದರು. 1979ರಲ್ಲಿ ದೊರೆಯು ದೇಶ ಬಿಟ್ಟ ಮೇಲೆ ಅವನ ಪಕ್ಷದವರು ಹೋದರು. ಅನಂತರ, ಕ್ರಾಂತಿಗಾಗಿ ಬೀದಿಗಿಳಿದಿದ್ದವರಲ್ಲಿಯೇ ಎಷ್ಟೋ ಮಂದಿಗೆ ನಿಲ್ಲಲು ನೆಲವಿಲ್ಲದಾಯಿತು. 1981ರ ಬೇಸಗೆಯಿಂದ ಗಲ್ಲುಗಳು ಮೊದಲಾದುವು. ಸಯೀದ್ ಸುಲ್ತಾನ್‌ಪೂರ್ ಎಂಬ ಕವಿಯನ್ನು ಅವನ ಮದುವೆಯ ದಿನವೇ ಹಿಡಿದುಕೊಂಡು ಹೋಗಿ ಆ ವರ್ಷ ಜೂನ್ ತಿಂಗಳಿನಲ್ಲಿ ಕೊಂದರು. ಎಡಪಂಥದವರು, ಮುಜಾಹಿದೀನ್ ಪಕ್ಷದವರು, ಬಹಾಯಿಗಳು, ಕುರ್ದರು, ಎಂಟು ವರ್ಷದ ಇರಾಕ್ ಯುದ್ಧಕ್ಕೆ ಮಕ್ಕಳನ್ನು ಒಪ್ಪಿಸಲೊಲ್ಲದ ತಂದೆತಾಯಿಗಳು, ಹೀಗೆ ತಂಡ ತಂಡವಾಗಿ ತುರ್ಕಿಯ ಬೆಟ್ಟಗಳನ್ನೂ ಬಲೂಚಿಸ್ತಾನದ ಮರುಭೂಮಿಯನ್ನೂ ದಾಟಿದರು. 2022ರಲ್ಲಿ ಮಹ್ಸಾ ಅಮೀನಿ ಎಂಬ ತರುಣಿಯು ಪೋಲೀಸಿನವರ ವಶದಲ್ಲಿ ಸತ್ತುದರಿಂದ ಎದ್ದ ಕೋಲಾಹಲದ ಮೇಲೆ ಹೊರಟವರು ಈ ಸಾಲಿನಲ್ಲಿ ಈಚಿನವರು.

ಇವರು ಹೋದಲ್ಲೆಲ್ಲ ಕವಿತೆಯನ್ನು ಕೊಂಡೊಯ್ದರೆಂಬುದರಲ್ಲಿ ಆಶ್ಚರ್ಯವಿಲ್ಲ. ಇರಾನಿನಲ್ಲಿ ಕಾವ್ಯವು ಪಂಡಿತರ ಸೊತ್ತಲ್ಲ. ವರ್ಷದ ಮೊದಲ ದಿನದಲ್ಲಿಯೂ ಮಾಗಿಯ ದೀರ್ಘರಾತ್ರಿಯಲ್ಲಿಯೂ ಮನೆಮಂದಿಯೆಲ್ಲ ಕೂಡಿ ಹಾಫಿಜನ ಪುಸ್ತಕವನ್ನು ತೆರೆದು ಶಕುನ ನೋಡುತ್ತಾರೆ. ಜಲಾಲುದ್ದೀನ್ ರೂಮಿಯ ಮಹಾಕಾವ್ಯವಾದರೂ ತನ್ನ ಬಿದಿರುಮೆಳೆಯಿಂದ ಕತ್ತರಿಸಲ್ಪಟ್ಟ ಕೊಳಲಿನ ಗೋಳಿನಿಂದಲೇ ಮೊದಲಾಗುತ್ತದೆ. ಅಗಲಿಕೆಯ ಮಾತು ಅವರಿಗೆ ತಾಯ ಹಾಲಿನೊಡನೆ ಬಂದುದು. ಇದೇ ಒಂದು ತೊಡಕೂ ಆಯಿತು. ಏಳೆಂಟುನೂರು ವರ್ಷಗಳಿಂದ ಪಾರಸಿ ಕವಿಗಳು ವಿರಹವನ್ನು ಹಾಡಿದ್ದಾರೆ. ಆ ವಿರಹವು ಆತ್ಮಕ್ಕೆ ಪರಮಾತ್ಮನಿಂದಾದ ವಿರಹ. ಬೆನ್ನಟ್ಟಿ ಬಂದ ಬಂದೂಕಿನವರಿಗೆ ಹೆದರಿ ರಾತ್ರಿ ಗಡಿ ದಾಟಿದವನು ಅದೇ ಕೊಳಲನ್ನೂ ಅದೇ ಬುಲ್ಬುಲ್ ಹಕ್ಕಿಯನ್ನೂ ತರಬಹುದೆ? ತಂದರೆ ಅವನ ನಿಜವಾದ ಗಾಯವು ಆ ಜರತಾರಿಯ ಕೆಳಗೆ ಮುಚ್ಚಿಹೋಗುವುದಿಲ್ಲವೆ? ನಾದಿರ್ ನಾದಿರ್‌ಪೂರರು ಹಳೆಯ ನಯವನ್ನು ಬಿಡದೆ ಲಾಸ್ ಏಂಜಲೀಸಿನಲ್ಲಿ ಕುಳಿತು ಬರೆದರು. 2000ದಲ್ಲಿ ಅಲ್ಲಿಯೇ ತೀರಿಕೊಂಡರು. ಲಂಡನ್ನಿನಲ್ಲಿದ್ದು 2021ರಲ್ಲಿ ನಿಧನರಾದ ಇಸ್ಮಾಯಿಲ್ ಖೋಯಿಯವರು ತತ್ತ್ವಶಾಸ್ತ್ರದ ಅಧ್ಯಾಪಕರಾಗಿದ್ದವರು; ತಾವಿರುವ ಸ್ಥಳಕ್ಕೆ ‘ಬೀದರ್‌ಕುಜಾ’ ಎಂದು ಹೆಸರಿಟ್ಟರು, ಎಲ್ಲಿಯೂ ಅಲ್ಲದ ಊರು ಎಂಬಂತೆ. ಪರದೇಶದ ಕವಿತೆಗಳೆಲ್ಲ ಒಳ್ಳೆಯವೆಂದು ನಾನು ಹೇಳುವುದಿಲ್ಲ. ಘೋಷಣೆಯನ್ನೇ ಛಂದಸ್ಸಿಗೆ ಕೂಡಿಸಿದವು ಬೇಕಾದಷ್ಟಿವೆ. ಗುಲಾಬಿಯ ತೋಟಕ್ಕಾಗಿ ಹಲುಬಿದವು ಅದಕ್ಕಿಂತ ಹೆಚ್ಚು.

ಇನ್ನು ಗದ್ಯದ ಕಡೆಗೆ ತಿರುಗೋಣ. ಸೆರೆಯ ನೆನಪುಗಳನ್ನು ಬರೆದವರಲ್ಲಿ ಹೆಂಗಸರು ಹೆಚ್ಚು, ಮತ್ತು ಅವರ ಬರವಣಿಗೆಯೇ ಹೆಚ್ಚು ಗಟ್ಟಿಯಾದುದೆಂದು ನನಗೆ ತೋರುತ್ತದೆ. ಕಾದಂಬರಿಗಾರ್ತಿ ಶಹರ್‌ನೂಶ್ ಪಾರ್ಸಿಪೂರರು ಆಪಾದನೆಯೇ ಇಲ್ಲದೆ ನಾಲ್ಕು ವರ್ಷಕ್ಕೆ ಮೇಲ್ಪಟ್ಟು ಸೆರೆಯಲ್ಲಿದ್ದವರು. ಮುನೀರೆ ಬರಾದರಾನ್ ಅವರು 1981ರಿಂದ ಒಂಬತ್ತು ವರ್ಷ ಸೆರೆಯಲ್ಲಿದ್ದು, ಜರ್ಮನಿಗೆ ಹೋದ ಮೇಲೆ, ಮೊದಲು ತಮ್ಮ ಹೆಸರನ್ನು ಮರೆಸಿಕೊಂಡು, ‘ಸರಳ ಸತ್ಯ’ವೆಂಬರ್ಥದ ಹೆಸರಿನ ಪುಸ್ತಕವನ್ನು ಬರೆದರು. ಹೆಸರಿಗೆ ತಕ್ಕಂತೆ ಅದರಲ್ಲಿ ಅಲಂಕಾರವಿಲ್ಲ. ಇಷ್ಟು ಮಂದಿಯನ್ನು ಇಷ್ಟು ಸಣ್ಣ ಕೋಣೆಯಲ್ಲಿ ಕೂಡಿದರು, ಸರದಿಯ ಮೇಲೆ ಮಲಗಿದೆವು, ಇಂಥವಳು ಹೋದಳು, ಮತ್ತೆ ಬರಲಿಲ್ಲ: ಇಂಥ ಬರವಣಿಗೆ ಈ ವರ್ಗದ ಗ್ರಂಥಗಳದು. ರಾತ್ರಿ ಗೋಡೆಯಾಚೆ ಗುಂಡುಗಳು ಒಟ್ಟಿಗೆ ಹಾರಿದ ಸದ್ದಾದ ಮೇಲೆ, ಒಂದೊಂದಾಗಿ ಹಾರಿದ ಕೊನೆಯ ಗುಂಡುಗಳನ್ನು ಎಣಿಸಿ, ಆ ರಾತ್ರಿ ಎಷ್ಟು ಮಂದಿ ಸತ್ತರೆಂದು ಸೆರೆಯವರು ಲೆಕ್ಕವಿಡುತ್ತಿದ್ದ ಸಂಗತಿಯು ಇಂಥ ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಇಷ್ಟು ನಿರಾಭರಣವಾಗಿ ಏಕೆ ಬರೆದರು? ಬರೆಯಲು ಬಾರದೆ ಅಲ್ಲ. ಪಾರ್ಸಿಪೂರರು ಅದ್ಭುತಕಥೆಗಳ ಲೇಖಕಿ. ಕಾರಣವು ಸೆರೆಮನೆಯ ರೀತಿಯಲ್ಲಿಯೇ ಇದೆಯೆಂದು ನನ್ನ ಊಹೆ. ಅಲ್ಲಿಯ ಅಧಿಕಾರಿಗಳಿಗೆ ಸೆರೆಯವನ ದೇಹ ಸಾಕಾಗಿರಲಿಲ್ಲ, ಅವನ ಮಾತು ಬೇಕಾಗಿತ್ತು. ಅಂಗಾಲಿಗೆ ಚಾವಟಿಯಿಂದ ಹೊಡೆದು, ತಾನು ಪಾಪಿ, ತನ್ನ ಗೆಳೆಯರು ದ್ರೋಹಿಗಳು ಎಂದು ಅವನಿಂದಲೇ ಹೇಳಿಸಿ, ಅದನ್ನು ದೂರದರ್ಶನದಲ್ಲಿ ಊರಿಗೆಲ್ಲ ತೋರಿಸುತ್ತಿದ್ದರು. ಹೀಗೆ ಪಶ್ಚಾತ್ತಾಪಪಟ್ಟವನಿಗೆ ‘ತವ್ವಾಬ’ನೆಂದು ಹೆಸರು. ಸಾಕ್ಷಿಯ ನಾಲಿಗೆಯನ್ನೇ ಕೂಟಸಾಕ್ಷ್ಯಕ್ಕೆ ಉಪಯೋಗಿಸಿಕೊಂಡ ಮೇಲೆ, ಬಿಡುಗಡೆಯಾಗಿ ಬಂದವರು ತಮ್ಮ ಮೊದಲ ನಿಜವಾದ ಮಾತಿನಲ್ಲಿ ಒಂದು ಉಪಮೆಯನ್ನು ಹಾಕುವುದಕ್ಕೂ ಅಂಜಿದರೆ ಸಹಜವಲ್ಲವೆ? ಆಡಬೇಕಾದುದಕ್ಕಿಂತ ಒಂದು ಅಕ್ಷರ ಹೆಚ್ಚಾದರೂ ಅದು ಆ ಹಳೆಯ ಸುಳ್ಳಿನ ನಂಟಾದೀತೆಂಬ ಭಯ.

ಸಾಕ್ಷಿ ಎಂಬ ಶಬ್ದವನ್ನು ಪಾಣಿನಿಯು ಕಣ್ಣಾರೆ ಕಂಡವನೆಂಬ ಅರ್ಥದಲ್ಲಿ ಸಾಧಿಸಿದ್ದಾನೆ. ಆದರೆ ಇರಾನಿನ ಸೆರೆಯಲ್ಲಿ ವಿಚಾರಣೆಗೆ ಹೋಗುವಾಗಲೂ ಬರುವಾಗಲೂ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದರು. ವರ್ಷಗಟ್ಟಲೆ ಹೀಗೆ ಬದುಕಿದವರು ಬಟ್ಟೆಯ ಕೆಳಗಿನ ಎಳೆಯಷ್ಟು ಸಂದಿನಿಂದ ಕಂಡ ನೆಲವನ್ನು, ಪಾದರಕ್ಷೆಗಳನ್ನು, ಧ್ವನಿಯನ್ನು, ಹೆಜ್ಜೆಯ ಸಪ್ಪಳವನ್ನು ನೆನಪಿಟ್ಟುಕೊಂಡರು. ಕಣ್ಣು ಕಟ್ಟಿಸಿಕೊಂಡವನು ಸಾಕ್ಷಿಯಾಗಬಲ್ಲನೆ ಎಂಬ ಪ್ರಶ್ನೆ ಬರಿಯ ವ್ಯಾಕರಣದ್ದಲ್ಲ. ಮುಂದೆ ನ್ಯಾಯಸ್ಥಾನದಲ್ಲಿಯೇ ಅದು ಏಳಬೇಕಾಯಿತು. ಪಾರಸಿಯಲ್ಲಿ ಇನ್ನೊಂದು ವಿಶೇಷವುಂಟು. ಅಲ್ಲಿ ‘ಶಹಾದತ್’ ಎಂದರೆ ಸಾಕ್ಷ್ಯವೂ ಹೌದು, ಧರ್ಮಕ್ಕಾಗಿ ಸಾಯುವುದೂ ಹೌದು. ಶಾಹಿದನೂ ಶಹೀದನೂ ಒಂದೇ ಧಾತುವಿನಿಂದ ಬಂದವರು. ಸತ್ತವನು ಮಾತ್ರವೇ ಪೂರ್ಣಸಾಕ್ಷಿ ಎಂದಾದರೆ, ಬದುಕಿ ಬಂದವನ ಮಾತಿಗೆ ಏನು ಬೆಲೆ? ಸೆರೆಯಿಂದ ಬಂದ ಅನೇಕರನ್ನು ಈ ಸಂಕೋಚವು ಕೊನೆಯವರೆಗೂ ಬಿಟ್ಟಂತೆ ಕಾಣುವುದಿಲ್ಲ.

1988ರ ಜುಲೈ ಕೊನೆಗೆ, ಯುದ್ಧವು ನಿಲ್ಲುವ ಹೊತ್ತಿಗೆ ಸರಿಯಾಗಿ, ಸೆರೆಮನೆಗಳ ಬಾಗಿಲನ್ನು ಹಾಕಿ, ಮನೆಯವರ ಭೇಟಿಯನ್ನು ನಿಲ್ಲಿಸಿದರು. ದೇಶದ ಪರಮಾಧಿಕಾರಿ ಖೊಮೇನಿಯವರ ಬರಹದ ಅಪ್ಪಣೆಯಂತೆ ಕೆಲವು ಅಧಿಕಾರಿಗಳ ಮಂಡಲಿಗಳು ಕುಳಿತುವು. ಮೊದಲೇ ಶಿಕ್ಷೆಯಾಗಿ ಅದನ್ನು ಅನುಭವಿಸುತ್ತಿದ್ದವರನ್ನು, ಅವಧಿ ಮುಗಿದಿದ್ದ ಕೆಲವರನ್ನು ಕೂಡ, ಒಬ್ಬೊಬ್ಬರನ್ನಾಗಿ ಕರೆದು ಕೆಲವೇ ನಿಮಿಷ ಪ್ರಶ್ನಿಸಿದರು. ನಿನ್ನ ಪಕ್ಷ ಯಾವುದು? ನೀನು ಮುಸಲ್ಮಾನನೆ? ನಮಾಜು ಮಾಡುತ್ತೀಯಾ? ಉತ್ತರವು ಸರಿದೋರದಿದ್ದರೆ ನೇಣು. ಕೊಲ್ಲಲ್ಪಟ್ಟವರು ಕಡಿಮೆಯೆಂದರೂ 5000ದ ಹತ್ತಿರವೆಂದು ಆಮ್ನೆಸ್ಟಿ ಸಂಸ್ಥೆಯವರು ಎಣಿಸಿದ್ದಾರೆ. ಖೊಮೇನಿಯವರ ಉತ್ತರಾಧಿಕಾರಿಯೆಂದು ಗೊತ್ತಾಗಿದ್ದ ಮುಂತಜರಿಯವರು ಆ ಮಂಡಲಿಯವರನ್ನು ಎದುರಿಗೆ ಕೂರಿಸಿಕೊಂಡು ಇದು ಘೋರಾಪರಾಧವೆಂದು ಗದರಿಸಿದರು. ಮರುವರ್ಷ ತಮ್ಮ ಸ್ಥಾನವನ್ನು ಕಳೆದುಕೊಂಡರು. ಆ ಮಾತುಗಳ ಧ್ವನಿಮುದ್ರಿಕೆಯನ್ನು ಅವರ ಮಗನು 2016ರಲ್ಲಿ ಪ್ರಕಟಿಸಿದನು. ಸತ್ತವರಲ್ಲಿ ಅನೇಕರನ್ನು ಟೆಹರಾನಿನ ಹೊರಗಿನ ಖಾವರಾನ್ ಎಂಬಲ್ಲಿ ಗುರುತಿಲ್ಲದ ಕಂದಕಗಳಲ್ಲಿ ಹೂಳಿದರು. ಮನೆಯವರಿಗೆ ಹೆಣವನ್ನು ಕೊಡಲಿಲ್ಲ, ಸಮಾಧಿಯನ್ನು ತೋರಿಸಲಿಲ್ಲ, ಗಟ್ಟಿಯಾಗಿ ಅಳುವುದಕ್ಕೂ ಅಪ್ಪಣೆಯಿರಲಿಲ್ಲ. ಕೆಲವು ತಿಂಗಳ ಮೇಲೆ, ಚಳಿಗಾಲದ ಮೊದಲಿಗೆ, ತಂದೆತಾಯಿಗಳನ್ನು ಸೆರೆಮನೆಯ ಬಾಗಿಲಿಗೆ ಕರೆಸಿ, ಮಗನ ಅಂಗಿ, ಕೈಗಡಿಯಾರ, ಕನ್ನಡಕಗಳನ್ನು ತುಂಬಿದ ಒಂದು ಚೀಲವನ್ನು ಕೈಗೆ ಕೊಟ್ಟು ಕಳುಹಿಸಿದರು.

ನಮ್ಮ ಮಾಳಿಗೆಯ ಹುಡುಗನು ಹೇಳಿದ ಚೀಲವು ಇದು.

ಈಗ ಪದ್ಯಕ್ಕೆ ಮರಳುತ್ತೇನೆ. ಇಸ್ಫಹಾನಿನಲ್ಲಿ 1952ರಲ್ಲಿ ಹುಟ್ಟಿದ ಮಜೀದ್ ನಫೀಸಿಯವರು ಸಣ್ಣ ವಯಸ್ಸಿನಲ್ಲಿಯೇ ಕವಿಯೆನಿಸಿಕೊಂಡು, ಆಮೇಲೆ ರಾಜಕೀಯಕ್ಕಿಳಿದು ಪದ್ಯವನ್ನು ಬಿಟ್ಟವರು. ಅವರ ಹೆಂಡತಿ ಇಜ್ಜತ್ ತಬಾಇಯಾನರನ್ನು 1982ರ ಜನವರಿಯಲ್ಲಿ ಎವೀನ್ ಸೆರೆಮನೆಯಲ್ಲಿ ಕೊಂದರು. ಮರುವರ್ಷ ನಫೀಸಿಯವರು ತುರ್ಕಿಗೆ ತಪ್ಪಿಸಿಕೊಂಡು ಹೋಗಿ, ಕಡೆಗೆ ಲಾಸ್ ಏಂಜಲೀಸ್ ಸೇರಿದರು. ಕಣ್ಣಿನ ದೃಷ್ಟಿ ಬಹಳ ಮಟ್ಟಿಗೆ ಹೋಗಿದೆ. ಅಲ್ಲಿಯ ಕಡಲತೀರದ ಗೋಡೆಯೊಂದರ ಮೇಲೆ ಅವರ ಪದ್ಯವೊಂದನ್ನು ಕೆತ್ತಿದ್ದಾರೆ. ನಾನು ಹೇಳಬೇಕೆಂದಿರುವುದು ಆ ಪದ್ಯವನ್ನಲ್ಲ. ಹೆಂಡತಿಯ ಸಮಾಧಿಯನ್ನು ಕುರಿತದ್ದೊಂದನ್ನು. ಸಮಾಧಿಗೆ ಕಲ್ಲಿಲ್ಲವಾದುದರಿಂದ, ಬಾಗಿಲಿನಿಂದ ಇಷ್ಟು ಹೆಜ್ಜೆ, ಗೋಡೆಗೆ ಇಷ್ಟು ಹೆಜ್ಜೆ ಎಂದು ಆ ಪದ್ಯವು ಜಾಗವನ್ನು ಅಳೆದು ಹೇಳುತ್ತದೆ, ಹೂತಿಟ್ಟ ನಿಧಿಗೆ ಗುರುತು ಹೇಳುವಂತೆ. ಓದಿದ ದಿನ ನಾನು ಪುಸ್ತಕವನ್ನು ಮುಚ್ಚಿ ಹೊರಗೆ ಹೋಗಿ ಕುಳಿತೆನು.

ಅಭಿನವಗುಪ್ತನು ರಸಕ್ಕೆ ಬರುವ ವಿಘ್ನಗಳನ್ನು ಎಣಿಸುವಾಗ ಒಂದನ್ನು ಹೀಗೆ ಹೇಳುತ್ತಾನೆ: ಇದು ನನ್ನದು, ಇದು ಇಂಥವನದು, ಇಂಥ ದೇಶದಲ್ಲಿ ಇಂಥ ಕಾಲದಲ್ಲಿ ಆದುದು ಎಂಬ ಹಿಡಿತ. ಆ ಹಿಡಿತವು ಸಡಿಲಿ, ದುಃಖವು ಯಾರದೂ ಅಲ್ಲದೆ ಎಲ್ಲರದೂ ಆದಾಗಲೇ ಕರುಣವು ರಸವಾಗಿ, ಅಳುವೂ ಸುಖವಾಗುವುದು. ಒಪ್ಪತಕ್ಕ ಮಾತು. ಆದರೆ ಪ್ರತಿ ಅಮಾವಾಸ್ಯೆಯಲ್ಲಿಯೂ ನಾವು ಮಾಡುವುದೇನು? ಮೊದಲು ಸಂಕಲ್ಪದಲ್ಲಿ ದೇಶವನ್ನೂ ಕಾಲವನ್ನೂ ಹೇಳುತ್ತೇವೆ; ಆಮೇಲೆ ಎಳ್ಳುನೀರು ಬಿಡುವಾಗ ಒಬ್ಬೊಬ್ಬರ ಹೆಸರನ್ನೂ ಗೋತ್ರವನ್ನೂ ಹೇಳುತ್ತೇವೆ. ಅಲ್ಲಿ ಸಾಧಾರಣೀಕರಣಕ್ಕೆ ಅವಕಾಶವಿಲ್ಲ. ಲೋಕದ ತಂದೆಗಳಿಗೆಲ್ಲ ನೀರು ಬಿಟ್ಟೆನೆಂದರೆ ನನ್ನ ತಂದೆಯ ಋಣ ತೀರುವುದಿಲ್ಲ. ಆಲಂಕಾರಿಕನು ವಿಘ್ನವೆಂದು ತಳ್ಳಿದುದೇ ತರ್ಪಣಕ್ಕೆ ಅಂಗ. ಒಂದೇ ಸಂಪ್ರದಾಯದ ಎರಡು ಕೋಣೆಗಳಲ್ಲಿ ಈ ಎರಡು ಮಾತುಗಳನ್ನೂ ಕಲಿತು, ಅವುಗಳಿಗಿರುವ ಜಗಳವನ್ನು ನಾನು ಅರವತ್ತು ವರ್ಷ ಗಮನಿಸದೆ ಹೋದೆನಲ್ಲಾ ಎಂದು ಈಗ ಸೋಜಿಗವಾಗುತ್ತದೆ.

ನಫೀಸಿಯವರ ಹೆಜ್ಜೆಗಳ ಎಣಿಕೆಯು ಪದ್ಯದೊಳಗೆ ಬಂದ ತರ್ಪಣ. ಓದುಗನು ಕರುಣರಸದಲ್ಲಿ ಹಾಯಾಗಿ ತೇಲಿಹೋಗೋಣವೆಂದರೆ ಆ ಸಂಖ್ಯೆಗಳು ಬಿಡವು. ಸತ್ತವಳು ಕಾವ್ಯದ ನಾಯಿಕೆಯಲ್ಲ. ಅವಳಿಗೆ ಹೆಸರಿತ್ತು, ಅವಳನ್ನು ಇಟ್ಟ ಜಾಗ ಇಲ್ಲಿದೆ, ಬೇಕಾದರೆ ಅಳೆದು ನೋಡು ಎನ್ನುತ್ತವೆ. ಹಾಗೆಂದು ಅದು ಬರಿಯ ಪಟ್ಟಿಯೂ ಅಲ್ಲ. ಬರಿಯ ಪಟ್ಟಿಯಾಗಿದ್ದರೆ ಇಷ್ಟು ದೂರದ ಊರಿನಲ್ಲಿ, ಅನುವಾದದಲ್ಲಿ, ಮುದುಕನೊಬ್ಬನನ್ನು ಎಬ್ಬಿಸಿ ಹೊರಗೆ ಕೂರಿಸುತ್ತಿರಲಿಲ್ಲ.

ಇದಕ್ಕೆ ಪೂರ್ವಪಕ್ಷವಿಲ್ಲದೆ ಇಲ್ಲ. ಮೊದಲನೆಯದಾಗಿ, ಸಾಕ್ಷಿಗಳೂ ಒಂದೊಂದು ಪಕ್ಷಕ್ಕೆ ಸೇರಿದವರು. ಅವರ ಪಕ್ಷಗಳಲ್ಲಿ ಕೆಲವು ಬಾಂಬು ಬಂದೂಕುಗಳನ್ನು ಹಿಡಿದವು. ಹೊರದೇಶಕ್ಕೆ ಬಂದ ಮೇಲೂ ಒಬ್ಬರನ್ನೊಬ್ಬರು ಸಹಿಸರು. ನಿಜ. ಆದರೆ ನ್ಯಾಯಸ್ಥಾನವು ಕೇಳುವುದು ಸಾಕ್ಷಿಯು ಸಾಧುವೆ ಎಂದಲ್ಲ, ಕಂಡುದನ್ನು ಕಂಡಂತೆ ಹೇಳಿದನೆ ಎಂದು. ಎರಡನೆಯದು ಇದಕ್ಕಿಂತ ಕಠಿನವಾದುದು. ಪರರ ಸಂಕಟವನ್ನು ಓದಿ ನಮಗೆ ಆಗುವ ಆರ್ದ್ರತೆಯು ಒಂದು ಬಗೆಯ ಭೋಗವಲ್ಲವೆ? ಮಗನ ಎಲುಬನ್ನು ಹುಡುಕುತ್ತ ತಾಯಿಯೊಬ್ಬಳು ಖಾವರಾನಿನ ಮಣ್ಣನ್ನು ಕೈಯಿಂದ ಕೆದರಿದಳೆಂದು ಓದಿ, ಕಣ್ಣೊರಸಿಕೊಂಡು, ನಾವು ಊಟಕ್ಕೇಳುತ್ತೇವೆ. ಈ ಆಕ್ಷೇಪಕ್ಕೆ ನನ್ನಲ್ಲಿ ಪೂರ್ಣ ಸಮಾಧಾನವಿಲ್ಲ. ಆದರೂ, ಕೇಳುವವನಿಗೆ ಸುಖವಾದೀತೆಂದು ಹೇಳುವವನು ಬಾಯಿ ಮುಚ್ಚಿಕೊಳ್ಳಬೇಕೆಂದರೆ, ಕೊಂದವರು ಬಯಸಿದುದೂ ಅದನ್ನೇ ಅಲ್ಲವೆ? ಸಭೆಗೆ ಬಂದು ಸುಮ್ಮನಿದ್ದವನನ್ನೂ ಸುಳ್ಳಾಡಿದವನನ್ನೂ ಮನುವು ಒಂದೇ ತಕ್ಕಡಿಯಲ್ಲಿ ತೂಗಿದ್ದಾನೆ.

ಕೇಳಬೇಕಾದವರು ಕೇಳದೆ ಹೋಗುವ ಪಾಪವು ಇರಾನಿಗೆ ಮಾತ್ರ ಸೇರಿದುದಲ್ಲ. ಬೆಹರೂಜ್ ಬೂಚಾನಿ ಎಂಬ ಕುರ್ದ್ ಜನಾಂಗದ ಪತ್ರಕರ್ತರು ಇರಾನನ್ನು ಬಿಟ್ಟು, ದೋಣಿಯಲ್ಲಿ ಆಸ್ಟ್ರೇಲಿಯಕ್ಕೆ ಆಶ್ರಯ ಬೇಡಿ ಹೋದರು. ಆ ಸರ್ಕಾರದವರು 2013ರಲ್ಲಿ ಅವರನ್ನು ಮಾನುಸ್ ದ್ವೀಪದ ಶಿಬಿರದಲ್ಲಿ ಕೂಡಿದರು. ಅಲ್ಲಿಂದ ಅವರು ಕೈಯಲ್ಲಿ ಹಿಡಿವ ದೂರವಾಣಿಯಲ್ಲಿ ಪಾರಸಿಯಲ್ಲಿ ತುಣುಕು ತುಣುಕಾಗಿ ಬರೆದು ಕಳುಹಿಸಿದುದನ್ನು ಕೂಡಿಸಿ, ಇಂಗ್ಲಿಷಿಗೆ ತಿರುಗಿಸಿ, 2018ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿದರು. ಮರುವರ್ಷ ಅದಕ್ಕೆ ಆಸ್ಟ್ರೇಲಿಯದಲ್ಲಿಯೇ ದೊಡ್ಡ ಸಾಹಿತ್ಯ ಬಹುಮಾನ ದೊರೆಯಿತು. ಲೇಖಕರಿಗೆ ಆ ದೇಶದೊಳಗೆ ಕಾಲಿಡಲು ಅಪ್ಪಣೆ ದೊರೆಯಲಿಲ್ಲ. ಆ ಪುಸ್ತಕದಲ್ಲಿ ಗದ್ಯವು ನಡೆಯುತ್ತ ನಡೆಯುತ್ತ ಪದ್ಯವಾಗಿ ಒಡೆಯುತ್ತದೆ. ನಮ್ಮವರು ಚಂಪುವೆಂದಾರು. ನಮ್ಮ ಚಂಪುಗಳಲ್ಲಿ ಪದ್ಯವು ವೈಭವಕ್ಕಾಗಿ ಬರುವುದು ಹೆಚ್ಚು. ಇಲ್ಲಿಯಾದರೋ ಸಾಕ್ಷಿಯ ಉಸಿರು ಕಟ್ಟಿದಲ್ಲಿ ಬರುತ್ತದೆ.

ಕಡೆಯದಾಗಿ ನ್ಯಾಯಸ್ಥಾನದ ಸಂಗತಿ. ಸ್ವದೇಶದಲ್ಲಿ ವಿಚಾರಣೆಗೆ ಮಾರ್ಗವಿಲ್ಲದಿರಲು, ದೇಶಬಿಟ್ಟವರು ತಾವೇ ಒಂದು ಜನತಾನ್ಯಾಯಮಂಡಲಿಯನ್ನು ಏರ್ಪಡಿಸಿದರು. 2012ರ ಜೂನ್ ತಿಂಗಳಿನಲ್ಲಿ ಲಂಡನ್ನಿನಲ್ಲಿಯೂ ಅಕ್ಟೋಬರಿನಲ್ಲಿ ಹೇಗ್ ಪಟ್ಟಣದಲ್ಲಿಯೂ ಅದು ಸೇರಿತು. ಅದಕ್ಕೆ ದಂಡಶಕ್ತಿಯಿರಲಿಲ್ಲ, ಕೇಳುವ ಕಿವಿಯಿತ್ತು. ಲಂಡನ್ನಿನಲ್ಲಿಯೇ 70ಕ್ಕೆ ಮೇಲ್ಪಟ್ಟ ಸಾಕ್ಷಿಗಳು ಎದ್ದು ನಿಂತು ಹೇಳಿದರು. ಅನಂತರ 2019ರ ನವೆಂಬರಿನಲ್ಲಿ ಹಮೀದ್ ನೂರಿ ಎಂಬವನು ಸ್ಟಾಕ್‌ಹೋಮಿನ ವಿಮಾನನಿಲ್ದಾಣದಲ್ಲಿ ಇಳಿದಾಗ, 1988ರ ಕೊಲೆಗಳಲ್ಲಿ ಗೋಹರ್‌ದಶ್ತ್ ಸೆರೆಮನೆಯ ಅಧಿಕಾರಿಯಾಗಿ ಭಾಗಿಯಾದನೆಂಬ ಆಪಾದನೆಯ ಮೇಲೆ ಸ್ವೀಡನ್ ದೇಶದವರು ಅವನನ್ನು ಹಿಡಿದರು. ಹೊರದೇಶದಲ್ಲಿ ನಡೆದ ಘೋರಾಪರಾಧವನ್ನೂ ತಾವು ವಿಚಾರಿಸಬಹುದೆಂಬ ಶಾಸನ ಅವರಲ್ಲಿದೆ. 2021ರ ಆಗಸ್ಟಿನಲ್ಲಿ ವಿಚಾರಣೆ ಮೊದಲಾಯಿತು. ಅಲ್ಬೇನಿಯದಲ್ಲಿದ್ದ ಸಾಕ್ಷಿಗಳನ್ನು ಕೇಳುವುದಕ್ಕಾಗಿ ನ್ಯಾಯಾಲಯವೇ ಅಲ್ಲಿಗೆ ಹೋಯಿತು. ಕಣ್ಣು ಕಟ್ಟಿಸಿಕೊಂಡಿದ್ದವರು ಮೂವತ್ತುಮೂರು ವರ್ಷಗಳ ಮೇಲೆ ಬಂದು, ಬಟ್ಟೆಯ ಕೆಳಗಿಂದ ಕಂಡುದನ್ನೂ ಕಿವಿಯಿಂದ ಕೇಳಿದುದನ್ನೂ ಹೇಳಿದರು. ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನೊಡನೆ ಒರೆಹಚ್ಚಿ, ನ್ಯಾಯಾಧೀಶರು 2022ರ ಜುಲೈ 14ರಂದು ಯಾವಜ್ಜೀವ ಶಿಕ್ಷೆಯನ್ನು ವಿಧಿಸಿದರು. ಮುಂದಿನ ವರ್ಷದ ಕೊನೆಗೆ ಮೇಲಿನ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. 2024ರ ಜೂನ್ 15ರಂದು, ಇರಾನಿನಲ್ಲಿ ಸೆರೆಯಾಗಿದ್ದ ಇಬ್ಬರು ಸ್ವೀಡನ್ ಪ್ರಜೆಗಳಿಗೆ ಬದಲಾಗಿ ಅವನನ್ನು ಬಿಟ್ಟು ಕಳುಹಿಸಿದರು. ಅವನು ಟೆಹರಾನಿಗೆ ಹೋದನು.

ಸಾಕ್ಷ್ಯವು ವ್ಯರ್ಥವಾಯಿತೆ? ಈ ಸುದ್ದಿಯನ್ನು ಓದಿದ ದಿನ ನನಗೆ ಉತ್ತರಕಾಂಡವು ನೆನಪಾಯಿತು. ಆದಿಕವಿಯೆಂದು ನಾವು ಯಾರನ್ನು ಕರೆಯುತ್ತೇವೆಯೋ ಅವನು ಕಾವ್ಯವನ್ನು ಬರೆದು ಆಶ್ರಮದಲ್ಲಿ ಕುಳಿತಿರಲಿಲ್ಲ. ಕಾಡುಪಾಲಾದವಳ ಕತೆಯನ್ನು, ಅವಳನ್ನು ಕಾಡಿಗೆ ಕಳುಹಿಸಿದವನ ಸಭೆಯಲ್ಲಿಯೇ ಅವಳ ಮಕ್ಕಳಿಂದ ಹಾಡಿಸಿದನು. ಹಾಡು ಮುಗಿದ ಮೇಲೆ, ಅವಳನ್ನು ಹಿಂದಿಟ್ಟುಕೊಂಡು ತಾನೇ ಸಭೆಯ ನಡುವೆ ನಿಂತು, ಇವಳಲ್ಲಿ ದೋಷವಿದ್ದರೆ ನನ್ನ ತಪಸ್ಸಿನ ಫಲವು ನನಗೆ ಬೇಡವೆಂದು ಸಾಕ್ಷಿ ನುಡಿದನು. ರಾಮನು ಆ ಮಾತನ್ನು ನಂಬಿದನು ಕೂಡ. ಆದರೂ ಸೀತೆ ಅರಮನೆಗೆ ಬರಲಿಲ್ಲ. ನೆಲವು ಬಿರಿದು ಅವಳನ್ನು ಒಳಗೆ ತೆಗೆದುಕೊಂಡಿತು. ಕ್ರೌಂಚದ ಕತೆಯನ್ನು ನನಗೆ ಹೇಳಿಕೊಟ್ಟವರು ಇದನ್ನೂ ಪಾಠ ಹೇಳಿದ್ದರು. ಎರಡೂ ಒಬ್ಬನೇ ಕವಿಯ ಕತೆಗಳೆಂದು ಆಗ ಹೊಳೆಯಲಿಲ್ಲ, ಅಷ್ಟೆ.

ತರ್ಪಣದ ಕೊನೆಗೆ, ವಂಶದಲ್ಲಿ ಹುಟ್ಟಿ ನೀರು ಬಿಡುವವರಿಲ್ಲದೆ ಹೋದವರಿಗಾಗಿ, ಉತ್ತರೀಯವನ್ನು ಹಿಂಡಿ ನೆಲಕ್ಕೆ ನೀರು ಬಿಡುವುದುಂಟು. ಹೋದ ಮಹಾಲಯದಲ್ಲಿ ಬಟ್ಟೆಯನ್ನು ಕೈಯಲ್ಲಿ ಹಿಡಿದಾಗ, ಮಾಳಿಗೆಯ ಹುಡುಗನ ಅಣ್ಣನ ನೆನಪು ಬಂದಿತು. ಪರಜಾತಿ ಪರಮತದವನಿಗೆ ಇದು ಸಲ್ಲುವುದೆ ಎಂದು ಶಾಸ್ತ್ರಿಗಳನ್ನು ಕೇಳಿದರೆ ಸಲ್ಲದೆಂದೇ ಹೇಳುವರು. ನಾನೂ ಹಾಗೆಯೇ ಹೇಳಿಯೇನು. ನನ್ನನ್ನು ತಡೆದುದು ಅದಲ್ಲ. ಒಂದು ವರ್ಷ ಒಂದೇ ಜಗಲಿಯಲ್ಲಿ ಕುಳಿತಿದ್ದೆವು. ತಮ್ಮನ ಹೆಸರು ನನಗೆ ನೆನಪಿದೆ. ಅಣ್ಣನ ಹೆಸರೇನೆಂದು ನಾನು ಕೇಳಿರಲಿಲ್ಲ.